ಆಕ್ಷೇಪಣೆ ಇಲ್ಲ

"ನಿಮ್ಮ ತಮ್ಮನ್ನ ದೇಶದಿಂದ ಹೊರಗೆ ಕಳಿಸ್ತೀವಿ ಅಂತ ಅಧಿಕಾರಿ ಫೋನ್ ಮಾಡಿದಾಗ ನೀವೇನು ಹೇಳಿದ್ರಿ?" ನ್ಯಾಯಾಧೀಶರು ಕೇಳಿದರು.

ಅಕ್ಕ ಕಟಕಟೆಯನ್ನು ಬಿಗಿಯಾಗಿ ಹಿಡಿದಳು. ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸಿ ಮಡಿಸಿ ಒರಟಾದ ಕೈಗಳು. ಸರ್ಕಾರಿ ವಕೀಲರು ಅವಳ ಬಾಯಿಗೆ ತೊಂದರೆ ಕೊಡದೆ ತಾವೇ ಓದಿದರು: "'ಧಾರಾಳವಾಗಿ ಕಳಿಸಿ ಸಾಹೇಬ್ರೇ, ಮನೇಲಿ ಊಟನಾದ್ರೂ ಉಳಿಯುತ್ತೆ.' ಮನೆಯವರ ಆಕ್ಷೇಪಣೆ ಇಲ್ಲ ಅಂತ ದಾಖಲಾಗಿದೆ, ಮಹಾಸ್ವಾಮಿ. ಈಗ ಅವನನ್ನು ವಿಮಾನ ಹತ್ತಿಸೋ ಹೊತ್ತಿಗೆ ಬಂದು ತಡೆ ಕೇಳ್ತಿದ್ದಾರೆ."

"ಅದು ನನ್ನ ತಮ್ಮನೇ ಅಂದ್ಕೊಂಡೆ," ಅಂದಳು ಅಕ್ಕ.

ತಮ್ಮನಿಗೆ ಅವನು ಕೆಲಸಕ್ಕಿದ್ದ ಟೈರ್ ಅಂಗಡಿಯವರು ಇಟ್ಟ ಹೆಸರು ಗಿಳಿ. ಊರಿನ ದನಿಗಳೆಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ತಿಂಗಳಿಗೊಮ್ಮೆ ಸಹಿ ಹಾಕಲು ಹೋಗುತ್ತಿದ್ದ ವಲಸೆ ಕಚೇರಿಯ ಅಧಿಕಾರಿಯ ಮೂಗುದನಿಯಂತೂ ಕಾಯಂ ಬಾಡಿಗೆದಾರ. ಅಕ್ಕ ಕೆಲಸದಲ್ಲಿದ್ದಾಗ ಫೋನ್ ಮಾಡಿ, ಆ ರಾಗದಲ್ಲೇ ಗಡೀಪಾರಿನ ಸುದ್ದಿ ಮುಟ್ಟಿಸುವನು. ಅವಳು ಬೈಯುವಳು. ಅವನು ತಡೆಯಲಾರದೆ ಕಿಸಕ್ಕನೆ ನಕ್ಕುಬಿಡುವನು. ಅವಳಿಗೆ ಇಲ್ಲಿ ಉಳಿಯಲು ಕಾಗದ ಸಿಕ್ಕಿತ್ತು, ಅವನಿಗೆ ಸಿಕ್ಕಿರಲಿಲ್ಲ. ಇಬ್ಬರೂ ಬಿಟ್ಟು ಓಡಿಬಂದ ದೇಶದಲ್ಲಿ, ಅಪ್ಪನನ್ನು ಎಳೆದೊಯ್ದು ಕೊಂದವರು ಇವನನ್ನೂ ಬಿಡುವುದಿಲ್ಲವೆಂದು ಹೇಳಿ ಕಳಿಸಿದ್ದರು. ಆ ಭಯವನ್ನು ಇಬ್ಬರೂ ಹೀಗೆ ನಕ್ಕು ನುಂಗುತ್ತಿದ್ದರು.

ಮೊನ್ನೆಯೂ ಅದೇ ಮೂಗು, ಅದೇ ರಾಗ. ನಗು ಕೇಳುವ ಮೊದಲೇ ಇಸ್ತ್ರಿ ಯಂತ್ರದಲ್ಲಿ ಬೆಡ್‌ಶೀಟು ಸಿಕ್ಕಿಕೊಂಡಿತೆಂದು ಅವಳೇ ಫೋನ್ ಕತ್ತರಿಸಿದ್ದಳು. ಅಂದು ಬೆಳಿಗ್ಗೆಯೇ ಅಧಿಕಾರಿಗಳು ಅವನನ್ನು ಅಂಗಡಿಯಿಂದ ಎತ್ತಿಕೊಂಡು ಹೋಗಿದ್ದಾರೆಂದು ತಿಳಿದದ್ದು ಸಂಜೆ.

"ಒಡಹುಟ್ಟಿದವನ ದನಿ ಗೊತ್ತಾಗಲಿಲ್ವೇನಮ್ಮ?"

"ಅವನ ದನಿ ಅಂತ ಒಂದಿದ್ರೆ ತಾನೇ ಸ್ವಾಮಿ? ನಕ್ಕಾಗಷ್ಟೇ ಅವನು ಅಂತ ಗೊತ್ತಾಗೋದು."

ಯಾರೂ ನಗಲಿಲ್ಲ. ನ್ಯಾಯಾಧೀಶರು ಕಂತುಕಂತಾಗಿ ಗಂಟಲು ಸರಿಮಾಡಿಕೊಂಡರು. ಗಿಳಿ ಇದ್ದಿದ್ದರೆ ಮನೆ ಮುಟ್ಟುವುದರೊಳಗೆ ಇದನ್ನೂ ಕಲಿತಿರುತ್ತಿದ್ದ. ಕೊನೆಗೆ, ವಿಚಾರಣೆ ಮುಗಿಯುವವರೆಗೆ ಅವನನ್ನು ಕಳಿಸಕೂಡದು, ಕೂಡಲೇ ತಿಳಿಸಿ ಎಂದರು.

ಅಕ್ಕನ ಪರವಾಗಿ ಬಂದಿದ್ದ ವಕೀಲೆ ಕಾರಿಡಾರಿಗೆ ಓಡಿ ವಿಮಾನ ನಿಲ್ದಾಣಕ್ಕೆ ಫೋನ್ ಹಚ್ಚಿದಳು. ಎಂಗೇಜು. ಮತ್ತೆ ಹಚ್ಚಿದಳು, ಮತ್ತೆ ಎಂಗೇಜು. ಆದೇಶ ಟೈಪಾಗಿ, ಸಹಿಯಾಗಿ, ಮೊಹರು ಬಿದ್ದು ಹೊರಟದ್ದು ಬಹಳ ಹೊತ್ತಿನ ಮೇಲೆ. ಬೆಂಚಿನ ಮೇಲೆ ಕುಳಿತಿದ್ದ ಅಕ್ಕನ ಮೊಬೈಲು ಬಡಿದುಕೊಂಡಿತು.

"ವಲಸೆ ಕಚೇರಿಯಿಂದ ಮಾತಾಡ್ತಿದ್ದೀನಿ." ಅದೇ ಮೂಗು, ಅದೇ ರಾಗ. "ಕೋರ್ಟಿನ ತಡೆ ಈಗ ತಾನೇ ಕೈಗೆ ಬಂತು. ಆದ್ರೆ ವಿಮಾನ ಆಗ್ಲೇ ಹೋಗಿದೆಯಮ್ಮ."

ಅಕ್ಕ ಕಾದಳು.

"ಹಲೋ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಕಣೋ," ಅಂದಳು, ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ. "ಸಾಕು ಮಾಡು. ಈಗ ನಗು."