ಹಸಿರು ತಟ್ಟೆಯ ಪಕ್ಷ

ಮಾರ್ಚ್ ೧೪, ಶನಿವಾರ, ಸಂಜೆ ೫.೪೦. ಸರ್ವೆಯರ್ ಸ್ಟೂಲಿನಿಂದ ಅರ್ಧ ಎದ್ದರು.

"ನಿನಗೆ ತಲೆ ಇಲ್ಲ," ಎಂದರು ಭಾವಮೈದನಿಗೆ. "ಇದೇ ಕೊನೆ. ಮುಂದಿನ ವಾರ ಬರಲ್ಲ."

ಭಾವಮೈದನ ಬೀಗದ ಕೈ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಒಳಗೆ ಹಿತ್ತಾಳೆ ಪುಡಿಯ ವಾಸನೆ. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು. 'ಬೂದಿನಾಡು' ಎಂಬ ಕಂಪ್ಯೂಟರ್ ಆಟದ ಅಭಿಮಾನಿಗಳು ಪ್ರತಿ ಶನಿವಾರ ಸೇರುತ್ತಿದ್ದುದು ಇಲ್ಲಿಯೇ. ಅಭಿಮಾನಿಗಳೆಂದರೆ ನಾಲ್ಕೇ ಜನ: ಸರ್ವೆಯರ್, ಅವರ ಮಗಳು, ಭಾವಮೈದ, ಮತ್ತು ಎಲ್ಲರೂ 'ಅಧ್ಯಕ್ಷೆ' ಎಂದೇ ಕರೆಯುವ ಒಬ್ಬ ಹೆಂಗಸು.

ಆಟದ ಕಥೆ ಇಷ್ಟು. ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋಗಿದೆ. ಉಳಿದವರು ಬೂದಿಯ ಮೇಲೆ ಬದುಕು ಕಟ್ಟುತ್ತಿದ್ದಾರೆ. ಒಂದು ಭಾಗದಲ್ಲಿ ಮರಳಲ್ಲಿ ಹೂತ ಹಸಿರು ತಟ್ಟೆ ಸಿಗುತ್ತದೆ. ಇನ್ನೊಂದರಲ್ಲಿ, ದೋಣಿ ಹತ್ತಿದವರ ಗುಟ್ಟನ್ನೆಲ್ಲ ಹೇಳಿಬಿಡುವ ಕುರುಡು ಅಂಬಿಗ. ತಟ್ಟೆ ಅನ್ಯಗ್ರಹದವರದ್ದು, ಜಗತ್ತನ್ನು ಸುಟ್ಟವರೂ ಅವರೇ, ಅಂಬಿಗನಿಗೆ ಮನಸ್ಸು ಓದುವ ಶಕ್ತಿಯಿದೆ ಎಂದು ಭಾವಮೈದ. ಎಲ್ಲ ಶುದ್ಧ ಸುಳ್ಳು ಎಂದು ಸರ್ವೆಯರ್. ಹೋದ ವರ್ಷ ಶುರುವಾದ ವಾದ ಒಂದಿಂಚು ಕದಲಿರಲಿಲ್ಲ. ಕೇಳಿ ಕೇಳಿ ಮಗಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಆದರೂ ಅಪ್ಪ ಬರಲ್ಲ ಎಂದಾಗ ಅವಳ ಮುಖ ಬಿಳಿಚಿಕೊಂಡಿತು. ಅವರಿಲ್ಲದಿದ್ದರೆ ಎಲ್ಲವೂ ಇಲ್ಲಿಗೇ ನಿಂತುಹೋಗುತ್ತದೆ. ಅವರು ಮುಂದಿನ ಶನಿವಾರ ಬರಲೇಬೇಕು. ಅಧ್ಯಕ್ಷೆ ಫೋನಿನ ರೆಕಾರ್ಡಿಂಗ್ ನಿಲ್ಲಿಸದೆ ಭಾವಮೈದನ ಕಡೆ ನೋಡಿದಳು.

"ಹೋಗಿ ಭಾವ, ಹೋಗಿ," ಎಂದ ಅವನು. "ವಾದ ಮಾಡಕ್ಕಾಗದೋರು ಎದ್ದು ಹೋಗ್ತಾರೆ. ನಿಮ್ಮ ಅಕ್ಕನ ಗಂಡ ಅಲ್ಲದಿದ್ರೆ ಇನ್ನೂ ಜೋರಾಗಿ ಹೇಳ್ತಿದ್ದೆ."

"ನಿನ್ನ... ಅಕ್ಕನ ಗಂಡ!" ಸರ್ವೆಯರ್ ಕುಳಿತುಬಿಟ್ಟರು. "ಸಂಬಂಧವೂ ಗೊತ್ತಿಲ್ಲ, ಬೃಹಸ್ಪತಿ!"

ಶಟರ್ ಕೆಳಗೆ ಯಾರೋ ಬಗ್ಗಿ ನೋಡಿದರು. "ಅಣ್ಣ, ಒಂದು ಕೀ ಮಾಡ್ಕೊಡ್ತೀರಾ? ಮನೆ ಹೊರಗೇ ನಿಂತಿದ್ದೀವಿ."

"ಇವತ್ತಾಗಲ್ಲಪ್ಪ. ಮುಂದಿನ ಬೀದೀಲಿ ಒಬ್ರಿದ್ದಾರೆ, ನೋಡಿ."

ಶನಿವಾರ ಸಂಜೆಯೇ ಅವನಿಗೆ ಕೈತುಂಬ ಕೆಲಸ. ಆ ಕೆಲಸವನ್ನು ಮುಂದಿನ ಬೀದಿಗೆ ದಾಟಿಸಿ, ಅವನು ಕಣ್ಣುಜ್ಜಿಕೊಂಡು ಆಟಕ್ಕೆ ಮರಳಿದ. "ಎಲ್ಲಿದ್ವಿ? ಹ್ಞಾ, ಮೂರನೇ ಭಾಗದ ಮರಳುಗಾಡಲ್ಲಿ ಸಿಗುತ್ತಲ್ಲ, ಆ ತಟ್ಟೆ..."

"ಎರಡನೇ!"

"ಮೂರನೇದು ಭಾವ."

"ಎರಡನೇದು! ಮೂರನೇದರಲ್ಲಿ ಮರಳುಗಾಡೇ ಇಲ್ಲ. ಅದರಲ್ಲಿ ಇರೋದು..." ಸರ್ವೆಯರ್ ತಡೆದರು. ತುಟಿ ಅದುರಿತು. ಎಡಗೈಯಲ್ಲಿದ್ದ ಚಹಾ ಲೋಟ ತುಳುಕಿತು. ಮಗಳ ಬಾಯಿ ತೆರೆಯಿತು; ಅಧ್ಯಕ್ಷೆ ಅವಳ ಮೊಣಕಾಲು ತಟ್ಟಿದಳು. ಎದುರಾಳಿ ಎಷ್ಟು ತಡವರಿಸಿದರೂ ಅವರ ಪದವನ್ನು ಇನ್ನೊಬ್ಬರು ಎತ್ತಿಕೊಡುವಂತಿಲ್ಲ. ಈ ಕೂಟಕ್ಕಿದ್ದ ನಿಯಮ ಅದೊಂದೇ.

ಕಾದರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ನದಿ!" ಎಂದರು ಸರ್ವೆಯರ್. "ಅಂಬಿಗನ ನದಿ!"

"ನದಿನೋ ಕೆರೆನೋ. ಅಂಬಿಗ ಮನಸ್ಸು ಓದ್ತಾನೋ ಇಲ್ವೋ? ಅಷ್ಟು ಹೇಳಿ."

"ಓದಲ್ಲ!" ಲೋಟ ಕೆಳಗಿಟ್ಟು ಅವರು ಮುಂದೆ ಬಾಗಿದರು. "ಅವನು ಕುರುಡ. ಕೇಳಿಸಿಕೊಳ್ತಾನೆ. ದೋಣೀಲಿ ಕೂತೋರು ಪಿಸುಗುಡ್ತಾರೆ, ಅಳ್ತಾರೆ, ಉಸಿರು ಬಿಗಿ ಹಿಡೀತಾರೆ. ಅವನು ಕಿವಿ ಕೊಡ್ತಾನೆ. ಅಷ್ಟೇ. ಯಾರ ಮನಸ್ಸನ್ನೂ ಯಾರೂ ಓದಕ್ಕಾಗಲ್ಲ ಕಣೋ! ಒಳಗಿರೋದನ್ನ... ಬಾಯಿ ಬಿಟ್ಟೇ ಹೇಳಬೇಕು. ಎಷ್ಟೇ ಕಷ್ಟ ಆದ್ರೂ. ಮತ್ತೆ ಆ ತಟ್ಟೆ! ಬಾಂಬ್ ಹಾಕಿದ್ದು ಮನುಷ್ಯರು. ತಪ್ಪು ನಮ್ಮದು. ಮೇಲಿಂದ ಯಾರನ್ನೋ ಇಳಿಸಿ ಅವರ ತಲೆಗೆ ಕಟ್ಟಿದ್ರೆ, ಆಮೇಲೆ ಇಡೀ ಕಥೆಗೇ ಅರ್ಥ ಇಲ್ಲ!"

ಭಾವಮೈದ ಕಷ್ಟಪಟ್ಟು ಒಂದು ಆಕಳಿಕೆ ತಂದುಕೊಂಡ.

"ಏನೇ ಹೇಳಿ, ತಟ್ಟೆ ಏಲಿಯನ್‌ಗಳದ್ದೇ."

ಸರ್ವೆಯರ್ ಎದ್ದು ಶಟರ್‌ವರೆಗೆ ನಿಧಾನವಾಗಿ ನಡೆದರು. ಅಲ್ಲಿ ತಿರುಗಿದರು. "ಮುಂದಿನ ಶನಿವಾರ ಬರ್ತೀನಿ. ನಿನ್ನನ್ನ ಹೀಗೇ ಬಿಟ್ರೆ ಊರೆಲ್ಲ ಸುಳ್ಳು ಹಂಚ್ತೀಯ. ಎರಡನೇ ಭಾಗ ಮತ್ತೊಂದು ಸಲ ಆಡಿ ಬಾ, ದಡ್ಡ."

ಅವರು ಹೊರಗೆ ಹೋಗಿ ಬೀದಿಯ ಗಾಳಿಗೆ ನಿಂತರು. ಭಾವಮೈದ ಕೀಲಿ ಯಂತ್ರದ ಮೇಲೆ ತಲೆಯಿಟ್ಟ.

"ಮತ್ತೊಂದು ಸಲವಂತೆ," ಎಂದ ಮೆಲ್ಲಗೆ. "ಒಂದು ಸಲನೂ ಆಡಿಲ್ಲ ನಾನು. ಆ ಅಂಬಿಗ ಹೇಗಿದ್ದಾನೆ ಅಂತಲೂ ಗೊತ್ತಿಲ್ಲ."

"ಗೊತ್ತಾಗೋದು ಬೇಡ ಮಾವ," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. "ಮೂರನೇ ಭಾಗ ಅಂತ ನಾನು ತಪ್ಪು ಹೇಳಿಕೊಟ್ಟ ಹಾಗೇ ಹೇಳಿದ್ರಿ. 'ನಿಮ್ಮ ಅಕ್ಕನ ಗಂಡ' ಅಂತ ಎಡವಟ್ಟು ಮಾಡಿದ್ದು ಮಾತ್ರ ನಿಮ್ಮ ಸ್ವಂತದ್ದು."

ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೆ ಅವಳಪ್ಪನಿಗೆ ಹೆಂಡತಿಯ ಹೆಸರು ಹೇಳಲಾಗಿರಲಿಲ್ಲ. ಮಾತು ಬರಿಸಲು ಚಿತ್ರದ ಕಾರ್ಡು ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ಮಂಚದ ಪಕ್ಕ ಕೂತು ಅವಳು ಆಡುತ್ತಿದ್ದ ಇದೇ ಆಟವನ್ನು ಇಣುಕಿ ನೋಡಿದ ಭಾವಮೈದ, ಸುಮ್ಮನೆ ಹೊತ್ತು ಕಳೆಯಲು, "ಇದನ್ನೆಲ್ಲ ಸುಟ್ಟಿದ್ದು ಏಲಿಯನ್‌ಗಳಾ?" ಎಂದು ಕೇಳಿದ್ದ. "ಅಲ್ಲ," ಎಂದಿದ್ದರು ಸರ್ವೆಯರ್. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

ಅಧ್ಯಕ್ಷೆ, ಅಂದರೆ ಅದೇ ಆಸ್ಪತ್ರೆಯ ವಾಕ್ ಚಿಕಿತ್ಸಕಿ, ರೆಕಾರ್ಡಿಂಗನ್ನು ಹಿಂದೆ ಸರಿಸಿ ಅಂಬಿಗನ ಬಗ್ಗೆ ಸರ್ವೆಯರ್ ಆಡಿದ ಮಾತನ್ನು ಇನ್ನೊಮ್ಮೆ ಕೇಳಿ ಎಣಿಸಿದಳು: ನಿಮಿಷಕ್ಕೆ ಐವತ್ತೆಂಟು ಪದ.