ಹತ್ತರ ತಲೆಯ ಮೇಲಿನ ಎಂಟು

"ಬರೀ ನಲವತ್ತೆರಡಾ?" ಎಂದು ರೋಗಿಯ ಅಕ್ಕ ಕೇಳಿದಳು. ಸಂಶೋಧಕಿ ಬೆಳಕಿಗೆ ಹಿಡಿದಿದ್ದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮಂಜಿನಂತೆ ಹರಡಿತ್ತು. ಅದನ್ನು ಕೊಲ್ಲುವ ವೈರಸ್ಸುಗಳು ಅಲ್ಲಲ್ಲಿ, ಒಂದೊಂದು ವೈರಸ್ಸಿಗೆ ಒಂದರಂತೆ, ನಲವತ್ತೆರಡು ತೂತು ಕೊರೆದಿದ್ದವು. ಇದೇ ಬ್ಯಾಕ್ಟೀರಿಯಾದ, ಯಾವ ಮದ್ದಿಗೂ ಬಗ್ಗದ ಸೋಂಕಿನಿಂದ ತಮ್ಮನ ಕಾಲು ಕೊಳೆಯುತ್ತಿತ್ತು. ವೈರಸ್ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಹತ್ತು ಕೋಟಿ ವೈರಸ್ಸಾದರೂ ಇದ್ದರೆ ಚಿಕಿತ್ಸೆ, ಇಲ್ಲವಾದರೆ ನಾಳೆ ಕಾಲು ತೆಗೆಯುವುದೇ ಎಂದು ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು. ಈಗ ಸಂಶೋಧಕಿಯ ಫೋನಿನ ಸ್ಪೀಕರಿನಲ್ಲಿ ಕಾಯುತ್ತಿದ್ದರು.

"ಹತ್ತು ಕೋಟಿ ಅಂದ್ರೆ ಹತ್ತರ ತಲೆ ಮೇಲೆ ಎಂಟು, ಅಕ್ಕಾ. ಒಂದರ ಮುಂದೆ ಎಂಟು ಸೊನ್ನೆ. ಎಣಿಸೋಕೆ ಸಿಗಲಿ ಅಂತ ದ್ರಾವಣಾನ ಹತ್ತು ಲಕ್ಷ ಪಟ್ಟು ತೆಳು ಮಾಡಿದ್ದೆ, ಅದಕ್ಕೆ ಆರು. ಅದರಲ್ಲೂ ಮಿಲಿಲೀಟರಿನ ಹತ್ತರಲ್ಲೊಂದು ಪಾಲು ಮಾತ್ರ ಹಾಕಿದ್ದು, ಅದಕ್ಕೆ ಇನ್ನೊಂದು." ಸಂಶೋಧಕಿ ಬಿಳಿ ಹಲಗೆಯ ಮೇಲೆ 42 × 10⁷ ಎಂದು ಬರೆದಳು.

ಅಕ್ಕನ ಮುಖ ಇಳಿದುಹೋಯಿತು. "ಏಳೇ ಅಲ್ವಾ? ಎಂಟು ಬೇಕಿತ್ತಲ್ಲ."

"ಮುಂದಿರೋ ನಲವತ್ತೆರಡನ್ನ ಮರೀಬೇಡಿ. ಅದನ್ನ ನಾಲ್ಕು ಪಾಯಿಂಟ್ ಎರಡು ಅಂತ ಬರೆದ್ರೆ, ಅದರಿಂದ ಹೊರಬಂದ ಹತ್ತು ಎಲ್ಲಿಗೆ ಹೋಗ್ಬೇಕು?"

ಅಕ್ಕ ಪೆನ್ನು ಕಸಿದುಕೊಂಡು ನಾಲ್ಕು, ಎರಡರ ನಡುವೆ ಚುಕ್ಕೆ ಇಟ್ಟಳು. ಕೈ ಏಳರ ಬಳಿ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನು ಹೆಬ್ಬೆರಳಿನಿಂದ ಒರೆಸಿ ಎಂಟು ಎಂದು ಬರೆದಳು. "ನಲವತ್ತೆರಡು ಕೋಟಿ," ಎಂದಳು. "ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಜಾಸ್ತಿನೇ ಇದೆ."

"ಹಾಗಾದ್ರೆ ನಾಳೆ ಆಪರೇಷನ್ ಬೇಡ. ಮೊದಲು ಆ ದ್ರಾವಣ ಕಳಿಸಿ," ಎಂದರು ಫೋನಿನಲ್ಲಿದ್ದ ಸರ್ಜನ್. ಅಕ್ಕ ಆಗಲೇ ತಮ್ಮನಿಗೆ ಫೋನ್ ಹಚ್ಚಿದ್ದಳು.

"ಲೋ, ಆ ಕಾಲನ್ನ ಜೋಪಾನವಾಗಿ ಇಟ್ಕೋ," ಎಂದಳು.