ಕಿಂಡಿಯ ಗುಲಾಬಿ

ಚಿಕ್ಕಮ್ಮ ಕಾಜಾ ಹೊಲಿಯುತ್ತಿದ್ದಳು. ಪುಟ್ಟಿ ಗುಂಡಿ ಹಚ್ಚುತ್ತಿದ್ದಳು. ಇಬ್ಬರ ನಡುವೆ ಅಂಗಿಗಳ ರಾಶಿ ಬಿದ್ದಿತ್ತು.

ಬೇಕರಿಯವನಿಗೆ ಏನು ಹೇಳುವುದು ಎಂದು ಚಿಕ್ಕಮ್ಮ ಬೆಳಿಗ್ಗೆಯಿಂದ ಕೇಳಿ ಕೇಳಿ ಸೋತಿದ್ದಳು. ಒಳ್ಳೆಯ ಸಂಬಂಧ. ಹುಡುಗನ ಮುಖವೂ ಅವನ ಬನ್ನಿನ ಹಾಗೆ ದುಂಡಗೆ, ಮೆತ್ತಗೆ. ಸಂಜೆಯೊಳಗೆ ಉತ್ತರ ಬೇಕು, ಇನ್ನೊಂದು ಕಡೆಯವರೂ ಕಾಯುತ್ತಿದ್ದಾರೆ ಎಂದಿದ್ದ.

ಪುಟ್ಟಿ ಹಚ್ಚಿದ ಗುಂಡಿಯನ್ನೇ ಮತ್ತೆ ಹಚ್ಚಿದಳು. ಬೇಕರಿಯವನ ಮೇಲೆ ಅವಳಿಗೆ ಬೇಸರವೇನಿರಲಿಲ್ಲ. ಆದರೆ ಅವಳ ಗುಂಡಿ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಒಣಗಿದ ಕೆಂಪು ಎಸಳುಗಳಿದ್ದವು.

ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಹಿತ್ತಲಲ್ಲಿ ಗೊಂಚಲು ಗುಲಾಬಿ ಇತ್ತು. ನರ್ಸರಿಯವರು ಫ್ಲೋರಿಬಂಡಾ ಎನ್ನುವ ಜಾತಿ. ಒಂದು ಕಡ್ಡಿಗೆ ಒಂದು ಹೂವಲ್ಲ, ಒಂದು ಸಂಸಾರವೇ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಎತ್ತರದ ಗೋಡೆಯಾಚೆ ಹೂವಿನ ನೆತ್ತಿಗಳು ಕಾಣುತ್ತಿದ್ದವು, ಅವನ ತಲೆ ಕಾಣುತ್ತಿತ್ತು. ಬಗ್ಗಿದನೆಂದರೆ ಮಾಯ. ಎಲೆಗೆ ಕಪ್ಪು ಚುಕ್ಕೆ ಬಿದ್ದರೂ ಅವನು ಔಷಧಿ ಹೊಡೆಯುತ್ತಿರಲಿಲ್ಲ. ರೋಗದ ಎಲೆಯನ್ನು ಒಂದೊಂದಾಗಿ ಕೈಯಲ್ಲೇ ಬಿಡಿಸುತ್ತಿದ್ದ. ಎಂಥ ಮೆದು ಮನಸ್ಸು ಎಂದುಕೊಂಡಿದ್ದಳು ಪುಟ್ಟಿ.

ಗೋಡೆಯ ಬುಡದಲ್ಲಿ ನೀರು ಹೋಗಲೆಂದು ಬಿಟ್ಟ ಒಂದು ಕಿಂಡಿ. ಒಂದು ದಿನ ಪಾತ್ರೆ ತೊಳೆಯಲು ಹೋದವಳಿಗೆ ಅದರಲ್ಲಿ ಗುಲಾಬಿ ಗೊಂಚಲಿನ ಕಡ್ಡಿಯೊಂದು ಇಣುಕುವುದು ಕಂಡಿತು. ಎಳೆದುಕೊಂಡಳು. ಓರೆಯಾಗಿ, ನೀಟಾಗಿ ಕತ್ತರಿಸಿದ ಕಡ್ಡಿ. ಒಂದೇ ಒಂದು ಮುಳ್ಳಿಲ್ಲ. ಅಷ್ಟನ್ನೂ ಬಿಡಿಸಿದ್ದ. ಸೂಜಿ ಚುಚ್ಚಿ ಚುಚ್ಚಿ ಗಾಯವಾದ ಅವಳ ಬೆರಳನ್ನು ಅವನು ಯಾವಾಗ ನೋಡಿದನೋ.

ಆಮೇಲೆ ದಿನವೂ ಬಂತು. ಕೆಲವು ಸಲ ಹೂವಿನ ಜೊತೆ ಗರಿಯಂಥ ಎಳೆ ಸೊಪ್ಪೂ ಇರುತ್ತಿತ್ತು. ಹೂಗುಚ್ಛ ಕಟ್ಟುವವರು ಹೀಗೆಯೇ ಹಸಿರು ಸೇರಿಸುತ್ತಾರಲ್ಲ. ಒಂದೆರಡು ಎಸಳುಗಳ ಅಂಚು ಕಚ್ಚಿದಂತಿತ್ತು. ಅದನ್ನು ನೋಡಿ ಪುಟ್ಟಿಗೆ ನಾಚಿಕೆಯಾಗಿ ಒಂದು ಹೊತ್ತು ಕಿಟಕಿಯ ಹತ್ತಿರವೇ ಹೋಗಲಿಲ್ಲ. ಇನ್ನೊಮ್ಮೆ ಕಿಂಡಿಯಲ್ಲಿ ಕಪ್ಪನೆಯ ಗುಂಡು ಬೀಜಗಳೂ ಸಿಕ್ಕವು. ಪುದೀನದ ಕುಂಡದಲ್ಲೇ ಜಾಗ ಮಾಡಿ ಹುಗಿದು ನೀರು ಹಾಕಿದಳು. ಬೀಜ ಮೊಳೆಯಲಿಲ್ಲ. ಸಾಯಲು ಬಿದ್ದಿದ್ದ ಪುದೀನ ಮಾತ್ರ ಹುಚ್ಚು ಹಿಡಿದಂತೆ ಚಿಗುರಿತು.

ಒಂದು ಮುಂಜಾನೆ ಧೈರ್ಯ ಮಾಡಿ ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಆ ಕಡೆ ಅವನು ಬಗ್ಗಿರಬೇಕು. ದನಿ ತೀರ ಹತ್ತಿರವಿತ್ತು.

"ನಿಂಗೇ ಕಣೇ, ಬಂಗಾರ. ನಿಂಗಲ್ದೆ ಇನ್ಯಾರಿಗೆ?"

ಆಚೆ ಅವನ ಮನೆ ಬಾಗಿಲು ಹಾಕಿದ ಸದ್ದಾದ ಮೇಲೂ ಪುಟ್ಟಿ ಅಲ್ಲಿಂದ ಏಳಲಿಲ್ಲ. ಕಿಂಡಿಗೆ ಬಾಯಿಟ್ಟು, "ನನಗೂ ಹಾಗೇನೇ," ಎಂದು ಪಿಸುಗುಟ್ಟಿದಳು. ಆಚೆಯಿಂದ ನೆಲ ಒದ್ದಂಥ ಸದ್ದು ದಬ್ ದಬ್ ಎಂದು ಬಂತು. ಆಮೇಲೆ ಎಲೆಗಳು ಸರಸರ ಎಂದವು. ಪಾಪ, ಅವನು ಹೋಗಿರಲಿಲ್ಲ. ತನಗಿಂತ ಹೆಚ್ಚು ನಾಚಿಕೆಯವನು.

ಇದನ್ನೆಲ್ಲ ನೆನೆದು ಪುಟ್ಟಿ ದಾರ ಕಡಿದು, ಬೇಕರಿಯವನು ಬೇಡ ಎಂದಳು. ಏಕೆ ಎಂದರೆ ಬಾಯಿ ಬಿಡಲಿಲ್ಲ. ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡು ಹೋಗಿ ಹೇಳಿಬಂದಳು. ಬೇಕರಿಯವನು ಜಗಳವಾಡಲಿಲ್ಲವಂತೆ. ಕೈಗಂಟಿದ ಹಿಟ್ಟನ್ನು ಒರೆಸಿಕೊಂಡು, ಅವಳು ಮೆಟ್ಟಿಲಿಳಿಯುವ ಮೊದಲೇ ಆ ಇನ್ನೊಂದು ಕಡೆಗೆ ಫೋನು ಮಾಡಿ ಒಪ್ಪಿಗೆ ಹೇಳಿಬಿಟ್ಟನಂತೆ.

"ಆಯ್ತಲ್ಲ. ಈಗಾದ್ರೂ ಹೇಳು, ಯಾರವನು?" ಎಂದಳು ಚಿಕ್ಕಮ್ಮ.

ಪುಟ್ಟಿ ಡಬ್ಬಿ ತೆರೆದು ಎಸಳು ತೋರಿಸಿ, ಗೋಡೆಯ ಕಡೆ ಕೈ ಮಾಡಿದಳು.

"ಅವನಾ? ಅಣ್ಣ ಅಂತ ಕರಿ ಅಂದಾಗ್ಲೆಲ್ಲ ಬಾಯಿ ಹೊಲ್ಕೊಂಡಿರ್ತಿದ್ದದ್ದು ಇದಕ್ಕಾ?"

ಬೈಯುತ್ತಲೇ ಚಿಕ್ಕಮ್ಮ ಲೆಕ್ಕ ಹಾಕಿದಳು. ಸ್ವಂತ ಮನೆ. ಕೈಕಸುಬು. ಪಕ್ಕದಲ್ಲೇ ಇರುವುದರಿಂದ ಗುಂಡಿ ಹಚ್ಚುವ ಕೆಲಸವೂ ನಿಲ್ಲುವುದಿಲ್ಲ. ಬೈಗುಳ ತಾನಾಗಿಯೇ ತಣ್ಣಗಾಯಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗಡಿಯಾರ ರಿಪೇರಿಯವನೇ. ಒಳಕೋಣೆಗೆ ಓಡಿದ ಪುಟ್ಟಿ ಹೊಸ ಅಂಗಿ ತೊಟ್ಟು, ಅಂದಿನ ಗೊಂಚಲನ್ನು ಕಾಲರಿಗೆ ಪಿನ್ನು ಹಾಕಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಅವನು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ತಲೆಯೆತ್ತಿ ಅವಳ ಕಾಲರನ್ನು ನೋಡಿದ. ನೋಡುತ್ತಲೇ ಉಳಿದ. ಕಿವಿ ಕೆಂಪಾಯಿತು.

"ಹೇಳೋಕೆ ಸಂಕೋಚ, ಅಕ್ಕಾ. ಆದ್ರೆ ಇನ್ನು ತಡೆಯೋಕಾಗಲ್ಲ. ಸುಮಾರು ದಿನದಿಂದ ಊಟ ಸೇರ್ತಿಲ್ಲ. ಬೇರೆ ಏನು ಕೊಟ್ರೂ ಬೇಡ. ಬೆಳಗಾದ್ರೆ ಆ ಕಿಂಡಿ ಮುಂದೆ ಕೂತ್ಕೊಂಡು ಈ ಕಡೆಗೇ ನೋಡೋದು. ಜೀವ ಸೊರಗಿ ಹೋಗಿದೆ."

ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಪುಟ್ಟಿ ಕಾಲ ಬೆರಳಿನಿಂದ ನೆಲ ಕೆರೆದಳು.

"ಮೊದ್ಲೇ ಬಂದು ಹೇಳೋದಲ್ವೇನಪ್ಪ," ಎಂದಳು ಚಿಕ್ಕಮ್ಮ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು. "ನಾವೇನು ಇಲ್ಲ ಅಂತೀವಾ? ಬಾಯಿಬಿಟ್ಟು ಕೇಳು."

ಅವನು ಎದ್ದು ನಿಂತು ಕೈ ಮುಗಿದ.

"ನಾಳೆಯಿಂದ ಕಿಂಡಿ ಹತ್ರ ಇಟ್ಟಿದ್ದನ್ನ ನಮ್ಮ ಮೊಲಕ್ಕೆ ಬಿಟ್ಬಿಡಿ, ಅಕ್ಕಾ."